ಕಡಲಿನ ಬಸವನಹುಳು



ಕಳೆದ ಶ್ರಾವಣ ಮಾಸದಲ್ಲಿ ಸಿರುಗುಪ್ಪದ ಭಕ್ತರ ಅಪೇಕ್ಷೆಯಂತೆ ನಾವು ಅಲ್ಲಿ ಕೆಲವು ದಿನಗಳ ಕಾಲ ಪ್ರವಚನ ನಡೆಸಿದೆವು. ಒಂದು ಸಂಜೆ ಕಾಯಕದ ಮಹಿಮೆಯನ್ನು ವಿವರಿಸುತ್ತ, ಆಲಸ್ಯಕ್ಕೆ ದೃಷ್ಟಾಂತವಾಗಿ ಬಸವನಹುಳುವನ್ನು ಹೆಸರಿಸಿದೆವು. ಬೆನ್ನ ಮೇಲೆ ಮನೆ ಹೊತ್ತು ತೆವಳುವ, ಮುಟ್ಟಿದರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವ ಆ ಜೀವಿಯಂತೆ ಮನುಷ್ಯನು ಆಗಬಾರದು ಎಂದೆವು. ಸಭಿಕರು ನಕ್ಕರು. ನಾವೂ ಸಂತೋಷಪಟ್ಟೆವು. ನಲವತ್ತು ವರ್ಷಗಳಿಂದ ಆ ದೃಷ್ಟಾಂತವನ್ನು ಹೇಳುತ್ತ ಬಂದಿದ್ದೇವೆ. ಅದು ಎಂದೂ ವಿಫಲವಾಗಿರಲಿಲ್ಲ.

ಅಂದು ರಾತ್ರಿ ಪ್ರಸಾದಕ್ಕೆ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಮಗಳು ಬಳ್ಳಾರಿಗೆ ಕೊಟ್ಟವಳು. ಶ್ರಾವಣಕ್ಕೆಂದು ತವರಿಗೆ ಬಂದಿದ್ದಳು. ಆಕೆಯೊಡನೆ ಎಂಟನೆಯ ತರಗತಿಯಲ್ಲಿ ಓದುವ ಮಗಳೂ ಬಂದಿದ್ದಳು. ನಮ್ಮ ಸೀಮೆಯಲ್ಲಿ ಮಠದ ಹಿರಿಯರನ್ನು ‘ತಾತ’ ಎಂದು ಕರೆಯುವುದು ರೂಢಿ. ಆ ಮಗು ಪ್ರಸಾದ ಮುಗಿಯುವವರೆಗೂ ಬಾಗಿಲ ಬಳಿ ಕಾದು ನಿಂತು, ಬಳಿಕ ಹತ್ತಿರ ಬಂದು ಕೇಳಿತು:

“ತಾತಾ, ಬಸವನಹುಳ ಸೋಮಾರಿ ಅಂದ್ರಲ್ಲ, ಹಂಗಾದ್ರೆ ಅದಕ್ಕೆ ಬಸವನ ಹೆಸರು ಯಾಕ ಇಟ್ಟಾರ?”

ಅದರ ತಲೆಯ ಮೇಲೆ ಎತ್ತಿನ ಕೋಡುಗಳಂತಹ ಎರಡು ಕುಡಿಗಳಿರುವುದರಿಂದ ಆ ಹೆಸರು ಬಂದಿತು ಎಂದು ಹೇಳಿದೆವು. ಮಗು ತಲೆಯಾಡಿಸಿತು. ಆದರೆ ಪ್ರಶ್ನೆ ಮುಗಿದಿರಲಿಲ್ಲ. “ಸಮುದ್ರದಾಗ ರೆಕ್ಕೆ ಇರೋ ಬಸವನಹುಳ ಅದಾವಂತ, ತಾತಾ. ನಮ್ಮ ಟೀಚರ್ ಚಿತ್ರ ತೋರಿಸ್ಯಾರ. ಅವು ಒಂದು ಗಳಿಗೀನೂ ಸುಮ್ಮನ ಕೂಡಂಗಿಲ್ಲಂತ. ಸುಮ್ಮನಾದ್ರ ಮುಳುಗಿ ಹೋಗ್ತಾವಂತ” ಎಂದಿತು.

ಮಗುವಿನ ತಾಯಿ ಗದರಿಸಲು ಬಂದರು. ನಾವು ತಡೆದೆವು. ತಿಳಿಯದ ವಿಷಯವನ್ನು ಚಿಕ್ಕವರಿಂದ ಕೇಳಿ ತಿಳಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ನಮಗೆ ಆ ವಿಷಯ ತಿಳಿದಿರಲಿಲ್ಲವೆಂಬುದು ನಿಜ. ಮರಳಿ ಬಂದ ಮೇಲೆ ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತರಿಸಿ ಓದಿದೆವು. ಓದಿದುದನ್ನು ಈ ತಿಂಗಳ ಅಂಕಣದಲ್ಲಿ ಓದುಗ ಬಾಂಧವರ ಮುಂದೆ ಇಡುತ್ತಿದ್ದೇವೆ.

ಸಿರುಗುಪ್ಪದಿಂದ ಹಿಂತಿರುಗುವಾಗ ಕುರುಗೋಡಿನಲ್ಲಿ ಇಳಿದು ದೊಡ್ಡಬಸವೇಶ್ವರನ ದರ್ಶನ ಮಾಡಿದೆವು. 12ನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಬಸವಣ್ಣನವರಿದ್ದ ಆ ಶತಮಾನದಲ್ಲಿಯೇ, ಕುರುಗೋಡು ಸಿಂದ ಮನೆತನದ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ಏಕಶಿಲೆಯ ಬಸವನ ಮುಂದೆ ನಿಂತವನಿಗೆ ತನ್ನ ಗಾತ್ರ ಎಷ್ಟೆಂಬುದು ತಾನಾಗಿಯೇ ಅರಿವಾಗುತ್ತದೆ. ವೃಷಭವೆಂಬ ಸಂಸ್ಕೃತ ಪದವು ಕನ್ನಡದ ಬಾಯಲ್ಲಿ ಬಸವವಾಯಿತು. ಬಂಡೆಯಷ್ಟು ದೊಡ್ಡ ನಂದಿಗೂ ಅದೇ ಹೆಸರು. ಗದ್ದೆಯ ಬದುವಿನ ಮೇಲೆ ತೆವಳುವ ಹುಳುವಿಗೂ ಅದೇ ಹೆಸರು. ನಮ್ಮ ಹಿರಿಯರು ಹೆಸರಿಡುವಾಗ ಗಾತ್ರವನ್ನು ನೋಡಲಿಲ್ಲ. ಕೋಡನ್ನು ಮಾತ್ರ ನೋಡಿದರು. ಅಷ್ಟು ದೊಡ್ಡ ಹೆಸರನ್ನು ಅಷ್ಟು ಸಣ್ಣ ಜೀವಿಗೆ ಕೊಟ್ಟುದರಲ್ಲಿ ಒಂದು ಮಮತೆಯಿದೆ. ಆ ಮಮತೆಯನ್ನು ಮರೆತು ನಾವು ಅದನ್ನು ಸಭೆಯಲ್ಲಿ ಸೋಮಾರಿಯೆಂದು ಕರೆದೆವಲ್ಲಾ ಎಂಬ ಅಳುಕು ಅಂದು ಮನಸ್ಸಿನಲ್ಲಿ ಮೂಡಿತು.

ಇನ್ನು ವಿಷಯಕ್ಕೆ ಬರೋಣ. ಮಗು ಹೇಳಿದ ಆ ಜೀವಿಗೆ ‘ಕಡಲ ಚಿಟ್ಟೆ’ ಎಂದು ಹೆಸರು. ನಮ್ಮ ಕಡೆಯ ಮಾತಿನಲ್ಲಿ ಕಡಲ ಪಾತರಗಿತ್ತಿ ಎನ್ನಬಹುದು. ಅದು ಚಿಟ್ಟೆಯಲ್ಲ, ಕೀಟವೂ ಅಲ್ಲ. ಬಸವನಹುಳುವಿನ ಕುಲಕ್ಕೆ ಸೇರಿದ ಮೃದ್ವಂಗಿ. ನೆಲದ ಬಸವನಹುಳು ತನ್ನ ಅಗಲವಾದ ಮಾಂಸಲ ಪಾದದ ಮೇಲೆ ತೆವಳುತ್ತದೆ. ಕಡಲ ಚಿಟ್ಟೆಯಲ್ಲಿ ಆ ಪಾದವೇ ಎರಡು ತೆಳುವಾದ ರೆಕ್ಕೆಗಳಾಗಿ ಹರಡಿಕೊಂಡಿದೆ. ಈ ಕಾರಣದಿಂದಲೇ ಫ್ರಾನ್ಸ್ ದೇಶದ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೇ ಅವರು 1804ರಲ್ಲಿ ಈ ಗುಂಪಿಗೆ ‘ರೆಕ್ಕೆಪಾದಿ’ ಎಂಬ ಅರ್ಥದ ಗ್ರೀಕ್ ಮೂಲದ ಹೆಸರನ್ನು ಕೊಟ್ಟರು.

ಇವುಗಳ ಗಾತ್ರವನ್ನು ನಮ್ಮ ಅಡುಗೆಮನೆಯ ಅಳತೆಯಲ್ಲಿಯೇ ಹೇಳಬಹುದು. ಉಷ್ಣವಲಯದ ಕಡಲುಗಳಲ್ಲಿ, ನಮ್ಮ ಅರಬ್ಬಿ ಸಮುದ್ರದಲ್ಲಿಯೂ, ವಾಸಿಸುವ ಹೆಲಿಕೊನಾಯ್ಡಿಸ್ ಇನ್‌ಫ್ಲೇಟಸ್ ಎಂಬ ಜಾತಿಯು ಸಾಸಿವೆ ಕಾಳಿನಷ್ಟಿರುತ್ತದೆ. ಧ್ರುವ ಪ್ರದೇಶದ ತಣ್ಣೀರಿನಲ್ಲಿರುವ ಲಿಮಾಸಿನಾ ಹೆಲಿಸಿನಾ ಎಂಬುದು ಸಾಮಾನ್ಯವಾಗಿ ಜೋಳದ ಕಾಳಿನಷ್ಟು, ಕೆಲವೊಮ್ಮೆ ಇನ್ನೂ ತುಸು ದೊಡ್ಡದು. ಚಿಪ್ಪು ಗಾಜಿನಂತೆ ಪಾರದರ್ಶಕ. ಬೆಳಕಿಗೆ ಹಿಡಿದರೆ ಒಳಗಿನ ಜೀವ ಕಾಣುತ್ತದೆ.

ಅದರ ಸುರುಳಿಯ ವಿಷಯವೂ ಕೇಳತಕ್ಕದ್ದು. ಶಂಖಗಳಲ್ಲಿ ಬಲಮುರಿ ಶಂಖ ಅತಿ ವಿರಳ, ಆದುದರಿಂದ ಅತಿ ಬೆಲೆಯುಳ್ಳದ್ದು ಎಂಬುದನ್ನು ಎಲ್ಲರೂ ಬಲ್ಲರು. ಸಾವಿರಾರು ಶಂಖಗಳಲ್ಲಿ ಒಂದು ಮಾತ್ರ ಹಾಗೆ ಸುತ್ತಿಕೊಂಡಿರುತ್ತದೆ. ಆದರೆ ಸುರುಳಿ ಚಿಪ್ಪಿನ ಈ ಕಡಲ ಚಿಟ್ಟೆಗಳಲ್ಲಿ ಪ್ರತಿಯೊಂದರ ಚಿಪ್ಪೂ ಆ ಬಲಮುರಿ ಶಂಖದ ಕಡೆಗೇ ಸುತ್ತಿಕೊಂಡಿದೆ. ಮನುಷ್ಯನು ಹಣ ಕೊಟ್ಟು ಹುಡುಕುವುದನ್ನು ಕಡಲು ಲೆಕ್ಕವಿಲ್ಲದೆ ಹರಡಿಬಿಟ್ಟಿದೆ.

ಇವು ಈಜುವ ಕ್ರಮವನ್ನು ಅಮೆರಿಕದ ವಿಜ್ಞಾನಿಗಳು ವೇಗದ ಕ್ಯಾಮೆರಾಗಳಿಂದ ಚಿತ್ರಿಸಿ 2016ರಲ್ಲಿ ಪ್ರಕಟಿಸಿದರು. ನೀರಿನ ಜೀವಿಗಳು ಸಾಮಾನ್ಯವಾಗಿ ದೋಣಿಯ ಹುಟ್ಟಿನಂತೆ ಅವಯವಗಳನ್ನು ಬೀಸುತ್ತವೆ. ಈ ಜೀವಿ ಹಾಗಲ್ಲ. ನೊಣ ದುಂಬಿಗಳು ಗಾಳಿಯಲ್ಲಿ ಹಾರುವ ರೀತಿಯಲ್ಲಿಯೇ, ರೆಕ್ಕೆಯ ತುದಿಯಿಂದ ಎಂಟರ ಆಕಾರವನ್ನು ಬರೆಯುತ್ತ, ಇದು ನೀರಿನಲ್ಲಿ ಹಾರುತ್ತದೆ. ಒಂದು ಸೆಕೆಂಡಿಗೆ ಸುಮಾರು 5 ಸಲ ಅಥವಾ ಅದಕ್ಕೂ ಹೆಚ್ಚು ರೆಕ್ಕೆ ಬಡಿಯುತ್ತದೆ. ಚಿಪ್ಪು ನೀರಿಗಿಂತ ಭಾರವಾದುದರಿಂದ ಬಡಿತ ನಿಲ್ಲಿಸಿದರೆ ಕೆಳಗಿಳಿಯುತ್ತದೆ. ಮಗು ಹೇಳಿದ್ದು ಸರಿಯಾಗಿಯೇ ಇತ್ತು. ರಾತ್ರಿ ನೀರಿನ ಮೇಲ್ಪದರಕ್ಕೆ ಏರಿ ಬಂದು, ಹಗಲು ಬೇಟೆಯ ಮೀನುಗಳ ಕಣ್ಣು ತಪ್ಪಿಸಲು ಆಳಕ್ಕೆ ಇಳಿಯುವುದು ಇವುಗಳ ದಿನಚರಿ. ಆಹಾರಕ್ಕಾಗಿ ತನ್ನ ದೇಹಕ್ಕಿಂತ ಹಲವು ಪಟ್ಟು ದೊಡ್ಡದಾದ ಲೋಳೆಯ ಬಲೆಯನ್ನು ಹರಡುತ್ತದೆ. ಅದರಲ್ಲಿ ಸಿಕ್ಕ ಸೂಕ್ಷ್ಮ ಸಸ್ಯಗಳನ್ನು ಬಲೆಯೊಡನೆಯೇ ನುಂಗುತ್ತದೆ. ಇದನ್ನು ಹೆರಿಂಗ್, ಸಾಲ್ಮನ್ ಮುಂತಾದ ಮೀನುಗಳು, ಕಡಲ ಹಕ್ಕಿಗಳು, ತಿಮಿಂಗಿಲಗಳು ತಿನ್ನುತ್ತವೆ. ಚಿಪ್ಪಿಲ್ಲದ ಇದರ ದಾಯಾದಿಯೊಂದಿದೆ. ಅದಕ್ಕೆ ‘ಕಡಲ ದೇವದೂತ’ ಎಂಬ ಸುಂದರವಾದ ಹೆಸರು. ಆ ದೇವದೂತನ ಆಹಾರವೇ ಈ ಕಡಲ ಚಿಟ್ಟೆ! ಹೆಸರಿಗೂ ಆಚಾರಕ್ಕೂ ಎಷ್ಟು ದೂರವೆಂಬುದಕ್ಕೆ ಮನುಷ್ಯ ಲೋಕದಲ್ಲಿಯೇ ಉದಾಹರಣೆ ಹುಡುಕಬೇಕಾಗಿಲ್ಲ.

ಆಯುಷ್ಯ ತೀರಿದ ಮೇಲೆ ಇವುಗಳ ಚಿಪ್ಪುಗಳು ತಳಕ್ಕೆ ಮಳೆಯಂತೆ ಸುರಿಯುತ್ತವೆ. 1872ರಿಂದ 1876ರವರೆಗೆ ಭೂಮಂಡಲದ ಕಡಲುಗಳನ್ನು ಅಳೆದ ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ವಿದ್ವಾಂಸರು, ಕೆಲವೆಡೆ ಕಡಲತಳದ ಕೆಸರಿನಲ್ಲಿ ಈ ಚಿಪ್ಪುಗಳೇ ತುಂಬಿರುವುದನ್ನು ಕಂಡರು. ನಮ್ಮ ಪಶ್ಚಿಮ ಕರಾವಳಿಯಾಚೆಯ ಕಡಲತಳದಿಂದಲೂ ಭಾರತೀಯ ಸಾಗರವಿಜ್ಞಾನಿಗಳು ಇಂತಹ ಚಿಪ್ಪುಗಳನ್ನು ಎತ್ತಿ, ಸಹಸ್ರಾರು ವರ್ಷಗಳ ಹಿಂದಿನ ಕಡಲಿನ ಮತ್ತು ಮುಂಗಾರಿನ ಸ್ಥಿತಿಯನ್ನು ಅವುಗಳಿಂದ ಓದಲು ಯತ್ನಿಸಿದ್ದಾರೆ. ನಮಗೆ ತಾಳೆಗರಿ ಹೇಗೋ ಅವರಿಗೆ ಈ ಚಿಪ್ಪು ಹಾಗೆ.

‘ಬಳ್ಳಾರಿಯಿಂದ ಕಾರವಾರಕ್ಕೆ 300 ಕಿಲೋಮೀಟರಿಗೂ ಹೆಚ್ಚು ದೂರ, ಕಡಲನ್ನೇ ಕಾಣದ ನಮಗೆ ಕಡಲ ಹುಳುವಿನ ಚಿಂತೆ ಏಕೆ?’ ಎಂದು ಓದುಗರು ಕೇಳಬಹುದು. ಕಡಲು ನಮ್ಮಿಂದ ದೂರವಿಲ್ಲ. ಅರಬ್ಬಿ ಸಮುದ್ರದ ಮೇಲಿನ ಮುಂಗಾರು ಮೋಡವೇ ಸಹ್ಯಾದ್ರಿಯಲ್ಲಿ ಸುರಿದು ತುಂಗೆ ಭದ್ರೆಯರಾಗಿ, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಜಲಾಶಯದಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು ಸಿರುಗುಪ್ಪದ ಭತ್ತದ ಗದ್ದೆಯನ್ನು ಸೇರುತ್ತದೆ. ಮಿಕ್ಕ ನೀರು ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದು ಕಡಲಿನಿಂದ ಬಂದು ಇನ್ನೊಂದು ಕಡಲಿಗೆ ಹೋಗುವ ನೀರಿನ ದಾರಿಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ.

ಆ ಗದ್ದೆಯಲ್ಲಿಯೂ ಬಸವನಹುಳುವಿನ ಬಂಧುಗಳಿವೆ. ಪೈಲಾ ಎಂಬ ಹೆಸರಿನ ದುಂಡು ಚಿಪ್ಪಿನ ನೀರುಹುಳುವಿಗೆ ಕಿವಿರು, ಶ್ವಾಸಕೋಶ ಎರಡೂ ಉಂಟು. ನೀರಿದ್ದಾಗ ನೀರಿನಲ್ಲಿ ಉಸಿರಾಡುತ್ತದೆ. ಬೇಸಿಗೆಯಲ್ಲಿ ನೀರು ನಿಂತರೆ ಕೆಸರಿನೊಳಗೆ ಸೇರಿ, ಚಿಪ್ಪಿನ ಬಾಗಿಲು ಮುಚ್ಚಿಕೊಂಡು, ಮತ್ತೆ ನೀರು ಬರುವವರೆಗೆ ತಿಂಗಳುಗಟ್ಟಲೆ ತಾಳಿಕೊಂಡಿರುತ್ತದೆ. ನಾವು ಸೋಮಾರಿತನವೆಂದು ಹೇಳಿದ್ದು ವಾಸ್ತವದಲ್ಲಿ ತಾಳ್ಮೆಯಾಗಿತ್ತು.

ಈ ಎಲ್ಲ ಹುಳುಗಳ ಚಿಪ್ಪು ಯಾವುದರಿಂದ ಆಗಿದೆ? ಸುಣ್ಣದಿಂದ. ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವರು. ನಮ್ಮ ಕರಿನೆಲದಲ್ಲಿ ಸಿಗುವ ಸುಣ್ಣದ ಹರಳನ್ನು ಗೂಡಿನಲ್ಲಿ ಸುಟ್ಟರೂ ಅದೇ ಸುಣ್ಣ ಬರುತ್ತದೆ. ಗೋಡೆಗೆ ಬಳಿಯುವುದು ಅದನ್ನೇ. ಎಲೆಗೆ ಹಚ್ಚುವುದೂ ಅದನ್ನೇ. ಚಿಪ್ಪಿನ ಪದಾರ್ಥಕ್ಕೆ ವಿಜ್ಞಾನದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುವರು. ಅದರಲ್ಲಿ ಎರಡು ಬಗೆ. ಅಮೃತಶಿಲೆಯಲ್ಲಿರುವುದು ಕ್ಯಾಲ್ಸೈಟ್, ಗಟ್ಟಿ. ಕಡಲ ಚಿಟ್ಟೆಯ ಚಿಪ್ಪಿನಲ್ಲಿರುವುದು ಅರಗೊನೈಟ್. ಇದು ನೀರಿನಲ್ಲಿ ಮೊದಲನೆಯದಕ್ಕಿಂತ ಸುಲಭವಾಗಿ ಕರಗುವಂತಹದು. ಚಿಪ್ಪೋ ಕಾಗದಕ್ಕಿಂತಲೂ ತೆಳು. ಆಪತ್ತು ಇರುವುದು ಇಲ್ಲಿಯೇ.

ಆ ಆಪತ್ತನ್ನು ನಮಗೆ ಕಣ್ಣಾರೆ ತೋರಿಸಿದವಳೂ ಆ ಬಾಲಕಿಯೇ. ಭಾದ್ರಪದದಲ್ಲಿ ಬಳ್ಳಾರಿಗೆ ಹೋದಾಗ ಅವರ ಮನೆಯಲ್ಲಿ ಪೂಜೆಯಿತ್ತು. ಪೂಜೆಯ ಬಳಿಕ ಆಕೆ ಎಲೆಯಡಿಕೆಯ ತಟ್ಟೆಯಲ್ಲಿದ್ದ ಸುಣ್ಣದಿಂದ ಹಿಂದಿನ ರಾತ್ರಿಯೇ ಮಾಡಿಟ್ಟಿದ್ದ ತಿಳಿಯನ್ನು ತಂದಳು. ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡದ್ದು. ಅದರ ಒಂದು ಪಾಲಿಗೆ ಏಳೆಂಟು ಪಾಲು ಫಿಲ್ಟರಿನ ನೀರು ಬೆರೆಸಿದಳು. ಬಳಿಕ ಎಳನೀರು ಕುಡಿಯುವ ಕೊಳವೆಯನ್ನು ಅದರಲ್ಲಿ ಇಳಿಬಿಟ್ಟು ಮೆಲ್ಲನೆ ಊದತೊಡಗಿದಳು. ಸ್ವಲ್ಪ ಹೊತ್ತಿಗೆ ತಿಳಿನೀರು ಹಾಲು ಬೆರೆಸಿದಂತೆ ಬಿಳುಪಾಯಿತು. ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು, ಅಂದರೆ ಹಳೆಯ ಪುಸ್ತಕಗಳು ಇಂಗಾಲಾಮ್ಲವೆಂದು ಕರೆಯುತ್ತಿದ್ದ ಅನಿಲವು, ಸುಣ್ಣದೊಡನೆ ಕೂಡಿ ಚಿಪ್ಪಿನ ಪದಾರ್ಥವೇ ಹುಟ್ಟಿತು. ಇಲ್ಲಿಯವರೆಗೆ ನಮಗೂ ಬಾಲ್ಯದಲ್ಲಿ ಕಲಿತ ನೆನಪಿತ್ತು.

ಆದರೆ ಆಕೆ ಊದುವುದನ್ನು ನಿಲ್ಲಿಸಲಿಲ್ಲ. ದಣಿದಾಗ ತಮ್ಮನಿಗೆ ಕೊಟ್ಟಳು, ಆತನೂ ಊದಿದನು. ಬಹಳ ಹೊತ್ತಿನ ಮೇಲೆ ಆ ಬಿಳುಪು ತೆಳುವಾಗುತ್ತ ಬಂದು ಕೊನೆಗೆ ನೀರು ಮೊದಲಿನಂತೆ ತಿಳಿಯಾಯಿತು. “ನೋಡ್ರಿ ತಾತಾ, ಮೊದಲು ಊದಿದ ಗಾಳಿ ಚಿಪ್ಪು ಮಾಡ್ತು. ಹೆಚ್ಚಿಗೆ ಊದಿದ ಗಾಳಿ ಅದನ್ನ ಕರಗಿಸ್ತು” ಎಂದಳು. ಅನಿಲವು ಮಿತಿಯಲ್ಲಿದ್ದಾಗ ಸುಣ್ಣ ಗಟ್ಟಿಯಾಗುತ್ತದೆ. ಮಿತಿ ಮೀರಿದಾಗ ನೀರು ತುಸು ಆಮ್ಲದ ಕಡೆಗೆ ವಾಲಿ, ಅದೇ ಸುಣ್ಣ ಕರಗಿಹೋಗುತ್ತದೆ. ಮಿತಿಯ ಪಾಠವನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಒಂದು ಲೋಟ ನೀರಿನಲ್ಲಿ ಅದನ್ನು ನೋಡಿದ್ದು ಅಂದೇ. ಓದುಗರ ಮನೆಗಳಲ್ಲಿ ಮಕ್ಕಳು ಇದನ್ನು ಮಾಡಬಹುದು. ಆದರೆ ಸುಣ್ಣದ ನೀರು ಬಾಯಿಗಾಗಲಿ ಕಣ್ಣಿಗಾಗಲಿ ಹೋಗದಂತೆ, ಕೊಳವೆಯಿಂದ ಹೀರದಂತೆ, ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು.

ಲೋಟದಲ್ಲಿ ಆದುದು ಕಡಲಿನಲ್ಲಿ ಮೆಲ್ಲಗೆ ಆಗುತ್ತಿದೆ. ಯಂತ್ರಯುಗ ಮೊದಲಾಗುವ ಮುನ್ನ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು. 2024ರ ಹೊತ್ತಿಗೆ ಅದು 420ನ್ನು ದಾಟಿತು. ಮನುಷ್ಯರು ಹೊರಬಿಟ್ಟ ಈ ಅನಿಲದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲನ್ನು ಕಡಲು ಹೀರಿಕೊಂಡಿದೆ. ಕಡಲು ಈ ಉಪಕಾರ ಮಾಡದಿದ್ದರೆ ನಮ್ಮ ಬೇಸಿಗೆ ಇನ್ನೂ ಕಠೋರವಾಗುತ್ತಿತ್ತು. ಆದರೆ ಉಪಕಾರ ಮಾಡಿದವನು ಅದರ ಬೆಲೆಯನ್ನೂ ತೆರುತ್ತಿದ್ದಾನೆ. ಕಡಲಿನ ಮೇಲ್ನೀರಿನ ಕ್ಷಾರದ ಅಳತೆ 8.2ರಿಂದ 8.1ಕ್ಕೆ ಇಳಿದಿದೆ. ನೋಡಲು ಅಲ್ಪವೆನಿಸುವ ಈ ಇಳಿಕೆಯ ಅರ್ಥ, ಆಮ್ಲತೆ ಪ್ರತಿಶತ 30ರ ಸುಮಾರು ಹೆಚ್ಚಿದೆ ಎಂದು. ಕಡಲು ನಿಂಬೆಯ ರಸದಂತೆ ಹುಳಿಯಾಗಿಲ್ಲ. ಇಂದಿಗೂ ಕ್ಷಾರವಾಗಿಯೇ ಇದೆ. ಆದರೆ ಸಾಸಿವೆಯಷ್ಟರ ಜೀವಿಗೆ, ಕಾಗದಕ್ಕಿಂತ ತೆಳುವಾದ ಚಿಪ್ಪಿಗೆ, ಅಷ್ಟು ಬದಲಾವಣೆಯೂ ಭಾರವೇ.

2005ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕ್ಲಿಯೊ ಪಿರಮಿಡೇಟಾ ಎಂಬ ಕಡಲ ಚಿಟ್ಟೆಯನ್ನು, ಈ ಶತಮಾನದ ಕೊನೆಗೆ ಧ್ರುವ ಸಮೀಪದ ಕಡಲು ಹೇಗಿರಬಹುದೋ ಅಂತಹ ನೀರಿನಲ್ಲಿ ಇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಜೀವ ಇರುವಾಗಲೇ, 48 ಗಂಟೆಗಳೊಳಗೆ, ಚಿಪ್ಪಿನ ಅಂಚು ಕರಗತೊಡಗಿತ್ತು. ದಕ್ಷಿಣ ಮಹಾಸಾಗರದಿಂದ 2008ರಲ್ಲಿ ಸಂಗ್ರಹಿಸಿದ ಜೀವಿಗಳಲ್ಲಿ ಪ್ರಯೋಗಶಾಲೆಯ ಹೊರಗೆ, ಕಡಲಿನಲ್ಲಿಯೇ, ಚಿಪ್ಪು ಕರಗಿದುದು 2012ರಲ್ಲಿ ವರದಿಯಾಯಿತು. ಅಮೆರಿಕದ ಪಶ್ಚಿಮ ಕರಾವಳಿಯ ಸಮೀಪದಲ್ಲಿ ಹಿಡಿದವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವು ತೀವ್ರವಾದ ಹಾನಿಗೊಳಗಾಗಿದ್ದವೆಂದು 2014ರಲ್ಲಿ ತಿಳಿದುಬಂದಿತು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾವು ಓದುಗರಿಗೆ ಅನ್ಯಾಯ ಮಾಡಿದಂತಾಗುವುದು. ಈ ಜೀವಿ ಸುಮ್ಮನೆ ಸಾವಿಗೆ ತಲೆ ಕೊಡುವುದಿಲ್ಲ. ಚಿಪ್ಪಿನ ಹೊರಗೆ ಒಂದು ತೆಳು ಪೊರೆಯಿದೆ. ಅದು ಅಖಂಡವಾಗಿ ಇರುವವರೆಗೆ ಚಿಪ್ಪಿಗೆ ರಕ್ಷಣೆಯುಂಟು. ಪೊರೆ ಹರಿದು ಚಿಪ್ಪು ಕರಗಿದ ಕಡೆಯಲ್ಲಿ ಅದು ಒಳಗಿನಿಂದ ಹೊಸ ಸುಣ್ಣವನ್ನು ಲೇಪಿಸಿ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ ಎಂಬುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಆದರೆ ದುರಸ್ತಿಗೆ ಶಕ್ತಿ ಬೇಕು. ದುರಸ್ತಿಗೇ ಶಕ್ತಿ ವ್ಯಯವಾದರೆ ಬೆಳವಣಿಗೆಗೂ ಸಂತಾನಕ್ಕೂ ಉಳಿಯುವುದು ಕಡಿಮೆ. ಸೋರುವ ಮನೆಯ ಮಾಳಿಗೆಗೇ ಗಳಿಕೆಯನ್ನೆಲ್ಲ ಸುರಿಯುವ ಸಂಸಾರಿಗೆ ಈ ಕಷ್ಟ ತಿಳಿಯದ್ದಲ್ಲ.

ಈಗ ಈ ಕಥೆಯಲ್ಲಿ ನಮ್ಮೂರು ಎಲ್ಲಿ ಬರುತ್ತದೆ ಎಂಬುದನ್ನು ನೋಡೋಣ. ಬಳ್ಳಾರಿಯ ಪಶ್ಚಿಮಕ್ಕೆ ಕುಡಿತಿನಿ ಇದೆ. ಅದರ ಬಳಿ ಒಂದು ಪುರಾತನ ಬೂದಿದಿಬ್ಬವಿದೆ. ಅದು ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಿದ್ದುದುಂಟು. 19ನೆಯ ಶತಮಾನದಲ್ಲಿ ಬಳ್ಳಾರಿ ಸೀಮೆಯಲ್ಲಿ ತಿರುಗಾಡಿದ ರಾಬರ್ಟ್ ಬ್ರೂಸ್ ಫೂಟ್ ಅವರೂ, ಬಳಿಕ 1963ರ ತಮ್ಮ ಗ್ರಂಥದಲ್ಲಿ ಆಲ್ಚಿನ್ ಅವರೂ ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ಎಂದು ಪ್ರತಿಪಾದಿಸಿದರು. ಸಾವಿರಾರು ವರ್ಷಗಳ ಹಿಂದಿನ ಗೋಮಯದ ಭಸ್ಮವದು. ಅದೇ ಕುಡಿತಿನಿಯಲ್ಲಿ ಇಂದು ಕರ್ನಾಟಕ ವಿದ್ಯುತ್ ನಿಗಮದ ಉಷ್ಣ ವಿದ್ಯುತ್ ಸ್ಥಾವರವಿದೆ. 500, 500 ಮತ್ತು 700 ಮೆಗಾವಾಟ್‌ಗಳ ಮೂರು ಘಟಕಗಳು. ಒಟ್ಟು 1700 ಮೆಗಾವಾಟ್. ಅಲ್ಲಿ ಉಳಿಯುವುದೂ ಬೂದಿಯೇ, ಆದರೆ ಕಲ್ಲಿದ್ದಲಿನ ಬೂದಿ.

ಈ ಎರಡು ಬೂದಿಗಳಿಗಿರುವ ಭೇದವನ್ನು ವಿಭೂತಿ ಧರಿಸುವ ನಾವು ಚೆನ್ನಾಗಿ ತಿಳಿಯಬೇಕು. ಹಸು ತಿಂದ ಹುಲ್ಲು ಹಿಂದಿನ ಮಳೆಗಾಲದಲ್ಲಿ ಗಾಳಿಯಿಂದ ಇಂಗಾಲವನ್ನು ಪಡೆದು ಬೆಳೆದುದು. ಸಗಣಿಯನ್ನು ಸುಟ್ಟಾಗ ಅದೇ ಇಂಗಾಲ ಗಾಳಿಗೆ ಮರಳುತ್ತದೆ. ಮುಂದಿನ ಮಳೆಗಾಲದ ಹುಲ್ಲು ಮತ್ತೆ ಅದನ್ನು ಪಡೆಯುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯ ಒಲೆಯಲ್ಲಿ ಭತ್ತದ ಹೊಟ್ಟು ಉರಿದರೂ ಲೆಕ್ಕ ಹೀಗೆಯೇ. ಇದು ಕೈಗಡ ಪಡೆದು ವರ್ಷದೊಳಗೆ ತೀರಿಸಿದಂತೆ. ಕಲ್ಲಿದ್ದಲಾದರೋ ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಅರಣ್ಯ. ಭೂಮಿ ಬಚ್ಚಿಟ್ಟ ಆ ಇಂಗಾಲವನ್ನು ನಾವು ಒಂದೆರಡು ತಲೆಮಾರಿನಲ್ಲಿ ತೆಗೆದು ಸುಡುತ್ತಿದ್ದೇವೆ. ಇದನ್ನು ಮರಳಿ ಪಡೆಯಲು ಹುಲ್ಲೂ ಸಾಲದು, ಕಾಡೂ ಸಾಲದು. ಆದುದರಿಂದ ಹೆಚ್ಚಿನ ಪಾಲು ಗಾಳಿಯಲ್ಲಿ ಉಳಿದು, ಒಂದು ಪಾಲು ಕಡಲಿಗೆ ಇಳಿಯುತ್ತದೆ. ಅನಿಲಕ್ಕೆ ಜಿಲ್ಲೆಯ ಗಡಿ ಇಲ್ಲ. ಬಳ್ಳಾರಿಯಲ್ಲಿ ಸುಟ್ಟದ್ದೂ ಲಂಡನ್ನಿನಲ್ಲಿ ಸುಟ್ಟದ್ದೂ ಒಂದೇ ಗಾಳಿಯಲ್ಲಿ ಬೆರೆತು ಒಂದೇ ಕಡಲನ್ನು ಸೇರುತ್ತದೆ.

ಇದನ್ನು ಆ ಬಳ್ಳಾರಿಯ ಮನೆಯಲ್ಲಿ ನಾವು ಮಾತನಾಡುತ್ತಿದ್ದಾಗ ಮಗುವಿನ ತಂದೆ ಸುಮ್ಮನೆ ಕುಳಿತಿದ್ದರು. ಅವರು ಇದ್ದಲಿನಿಂದ ವಿದ್ಯುತ್ ತಯಾರಿಸುವ ಸ್ಥಾವರವೊಂದರಲ್ಲಿ ಉದ್ಯೋಗಿ. ಸ್ವಲ್ಪ ಹೊತ್ತಿನ ಮೇಲೆ, “ಶಾಸ್ತ್ರಿಗಳೇ, ಹಾಗಾದರೆ ನಾನು ಮಾಡುತ್ತಿರುವುದು ಕಾಯಕವೋ, ಪಾಪವೋ? ಈ ಮಕ್ಕಳ ಅನ್ನ ಅದರಿಂದಲೇ ಬರುತ್ತಿದೆ” ಎಂದರು. ಮಗು ಲೋಟವನ್ನು ಕೆಳಗಿಟ್ಟು ತಂದೆಯ ಮುಖವನ್ನು ನೋಡಿತು. ಅಷ್ಟು ಹೊತ್ತು ಆಟದಂತಿದ್ದುದು ಆ ಕ್ಷಣದಲ್ಲಿ ಆಟವಾಗಿ ಉಳಿಯಲಿಲ್ಲ.

ನಾವು ಕೂಡಲೇ ಉತ್ತರಿಸಲಿಲ್ಲ. ಮನೆಯಲ್ಲಿ ಅಂದು ಪೂಜೆಯಾದುದರಿಂದ ಎಲ್ಲ ಕೋಣೆಗಳ ದೀಪಗಳೂ ಉರಿಯುತ್ತಿದ್ದವು. ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಸಿರುಗುಪ್ಪದಲ್ಲಿ ನಮ್ಮ ಪ್ರವಚನವನ್ನು ದೂರದವರಿಗೂ ಕೇಳಿಸಿದ ಧ್ವನಿವರ್ಧಕವೂ ಆ ವಿದ್ಯುತ್ತಿನಿಂದಲೇ ನಡೆದಿತ್ತು. ಬೆಳಕನ್ನು ಬಳಸುವವರು ನಾವೆಲ್ಲರೂ ಆಗಿ, ಒಲೆಯ ಮುಂದೆ ನಿಂತು ಬೆವರು ಸುರಿಸುವವನೊಬ್ಬನ ತಲೆಗೆ ದೋಷವನ್ನು ಕಟ್ಟುವುದು ಧರ್ಮವಲ್ಲ. ಹೀಗೆಂದು ಅವರಿಗೆ ಹೇಳಿದೆವು: ‘ನಿಮ್ಮದು ಕಾಯಕವೇ. ಅದರಲ್ಲಿ ಸಂದೇಹ ಬೇಡ. ಆದರೆ ಕಾಯಕದಿಂದ ಬಂದುದನ್ನು ಬಳಸುವಲ್ಲಿ ಮಿತಿ ಬೇಕೆಂಬುದು ಶರಣರ ದಾರಿ. ಮಿತಿ ಮೀರಿದುದು ಒಲೆಯ ಮುಂದಲ್ಲ, ಮನೆ ಮನೆಯ ಸ್ವಿಚ್ಚಿನ ಮುಂದೆ. ಮುಂದೊಂದು ದಿನ ಇದ್ದಲಿನ ಬದಲು ಬಿಸಿಲು ಗಾಳಿಗಳಿಂದಲೇ ಈ ಬೆಳಕು ಬರುವುದಾದರೆ, ಯಂತ್ರ ಬಲ್ಲ ನಿಮ್ಮಂತಹವರ ಕೈಗಳೇ ಅಲ್ಲಿಯೂ ಬೇಕಾಗುತ್ತವೆ.’ ಅವರಿಗೆ ಪೂರ್ಣ ಸಮಾಧಾನವಾಯಿತೆಂದು ನಾವು ಹೇಳಲಾರೆವು. ಆ ಪ್ರಶ್ನೆ ಒಂದು ಮಾತಿನಿಂದ ತೀರುವಂತಹದಲ್ಲ. ಆದರೆ ಮಗುವಿನ ಮುಖದ ಅಂಜಿಕೆ ಕಡಿಮೆಯಾದುದನ್ನು ಕಂಡೆವು.

ಲೆಕ್ಕವನ್ನು ಮನೆಯ ಅಳತೆಗೆ ತರಬಹುದು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಾಗಲು ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ತಿಂಗಳಿಗೆ ಹತ್ತು ಯೂನಿಟ್ ಉಳಿಸಿದ ಮನೆಯು ಹತ್ತು ಕಿಲೋಗ್ರಾಂ ಉಳಿಸಿತು. ಅದರಲ್ಲಿ ಎರಡೂವರೆ ಕಿಲೋಗ್ರಾಮಿನಷ್ಟು ಕಡಲಿಗೆ ಹೋಗಬಹುದಾಗಿದ್ದ ಹೊರೆ ತಪ್ಪಿತು. ಒಂದು ಮನೆಯಿಂದ ಕಡಲು ತಿಳಿಯಾಗುವುದಿಲ್ಲ. ಇದನ್ನು ನಾವು ಮರೆಮಾಚುವುದಿಲ್ಲ. ದೇಶದೇಶಗಳ ಸರಕಾರಗಳೂ ಕಾರ್ಖಾನೆಗಳೂ ದಾರಿ ಬದಲಿಸಬೇಕು. ಆದರೆ ಮನೆಯಲ್ಲಿ ಮಿತಿಯನ್ನು ಕಲಿಯದ ಸಮಾಜವು ಸರಕಾರಕ್ಕೆ ಮಿತಿಯನ್ನು ಹೇಳುವ ನೈತಿಕ ಬಲವನ್ನು ಎಲ್ಲಿಂದ ತರಬೇಕು?

ಆದುದರಿಂದ ನಮ್ಮ ಮನೆಗಳ ತಾಯಂದಿರಲ್ಲಿ, ಮಠಗಳ ಮತ್ತು ಜಾತ್ರಾ ಸಮಿತಿಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸಿರಿ. ಲಗ್ನದ ಚಪ್ಪರದಲ್ಲಿ ಮೂರು ರಾತ್ರಿ ಉರಿಯುವ ದೀಪಮಾಲೆಯನ್ನು ಒಂದು ರಾತ್ರಿಗೆ ಇಳಿಸಿರಿ. ಮಠದ ಮಾಳಿಗೆಯ ಮೇಲೆ ಬಳ್ಳಾರಿಯ ಬಿಸಿಲು ಧಾರಾಳವಾಗಿ ಸುರಿಯುತ್ತದೆ. ಅದನ್ನು ಸೌರಫಲಕದಿಂದ ಹಿಡಿದುಕೊಳ್ಳಿರಿ. ದಾಸೋಹದಲ್ಲಿ ಒಂದು ಅಗುಳೂ ವ್ಯರ್ಥವಾಗದಂತೆ ನೋಡಿಕೊಳ್ಳಿರಿ, ಏಕೆಂದರೆ ಆ ಅಗುಳಿನ ಹಿಂದೆ ನೀರೆತ್ತುವ ಪಂಪೂ ಗಿರಣಿಯ ಯಂತ್ರವೂ ಇವೆ. ಇವು ಹೊಸ ವ್ರತಗಳಲ್ಲ. ಪ್ರಸಾದವನ್ನು ಕೆಡಿಸದೆ ಸ್ವೀಕರಿಸುವುದನ್ನು ನಮಗೆ ಬಾಲ್ಯದಿಂದಲೇ ಕಲಿಸಲಾಗಿದೆ. ಬೆಳಕೂ ಪ್ರಸಾದವೆಂದು ಭಾವಿಸಿದರೆ ಸಾಕು.

ಮೊನ್ನೆ ಆ ಬಾಲಕಿಯ ಪತ್ರ ಬಂದಿತು. ಮೀಟರಿನ ಅಂಕಿಗಳನ್ನು ಈಗ ಪ್ರತಿ ತಿಂಗಳ ಮೊದಲ ದಿನ ತಂದೆಯೇ ಓದಿ ಹೇಳುತ್ತಾರೆಂತಲೂ, ತಾನು ಕ್ಯಾಲೆಂಡರಿನ ಮೇಲೆ ಬರೆಯುವೆನೆಂತಲೂ ತಿಳಿಸಿದ್ದಾಳೆ. ಕೊನೆಯಲ್ಲಿ ಒಂದು ಸಾಲು: “ಮುಂದಿನ ಶ್ರಾವಣಕ್ಕೆ ಸಿರುಗುಪ್ಪಕ್ಕೆ ಬಂದಾಗ ಬಸವನಹುಳದ ಮಾತು ಹೆಂಗ ಹೇಳ್ತೀರಿ, ತಾತಾ?”

ಅದಕ್ಕೆ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ. ಆ ದೃಷ್ಟಾಂತವನ್ನು ನಾವು ಹಿಂತೆಗೆದುಕೊಂಡಿದ್ದೇವೆ. ಮುಂದಿನ ಶ್ರಾವಣದಲ್ಲಿ, ದೇವರ ಚಿತ್ತವಿದ್ದರೆ, ಅದೇ ಸಭೆಯಲ್ಲಿ ನಾವು ನಿಂತು, ಗದ್ದೆಯ ಬಸವನಹುಳುವನ್ನು ತಾಳ್ಮೆಗೂ ಕಡಲಿನ ಬಸವನಹುಳುವನ್ನು ಬಿಡುವಿಲ್ಲದ ದುಡಿಮೆಗೂ ಹೆಸರಿಸುವೆವು. ನಲವತ್ತು ವರ್ಷ ತಪ್ಪಾಗಿ ಹೇಳಿದ್ದನ್ನು ತಿದ್ದಲು ಉಳಿದಿರುವ ಕಾಲ ಸ್ವಲ್ಪವೇ, ಆದರೂ ತಿದ್ದುವೆವು.